ಲಿಂಕ್ ಒತ್ತದವಳು

ಜನವರಿ 5, ಭಾನುವಾರ

ಮೇಘಶ್ರೀಯ ಕೈಗೆ ಮೂಡಿಗೆರೆಯಲ್ಲಿ ಸಿಮೆಂಟ್ ಪಟ್ಟಿ ಹಾಕಿ ಕಳಿಸಿದ್ದಾರೆ. ಈ ಸಲದ ಕಾಫಿ ಕೊಯ್ಲು ಅವಳ ಪಾಲಿಗೆ ಮುಗಿಯಿತು.

ಶುಕ್ರವಾರ ಸಂಜೆ ನಾವು ಹೆಂಗಸರೆಲ್ಲ ತೋಟದಿಂದ ಕಾಲೋನಿಗೆ ಕೆಳದಾರಿಯಲ್ಲಿ ಬರುತ್ತಿದ್ದೆವು. ಹಳ್ಳದ ತಿರುವಿನಲ್ಲಿ ಆನೆ ನಿಂತಿತ್ತು, ಜೊತೆಗೆ ಮರಿ. ಮುಂದೆ ಇದ್ದ ರಜನಿ ಕೂಗಲೂ ಇಲ್ಲ, ಸುಮ್ಮನೆ ತಿರುಗಿ ಓಡಿದಳು. ಅವಳ ಮುಖ ನೋಡಿಯೇ ನಾವೂ ಓಡಿದೆವು. ಮೇಘಶ್ರೀ ಚರಂಡಿಗೆ ಬಿದ್ದಳು. ಆನೆ ಬೆನ್ನು ಹತ್ತಲಿಲ್ಲ. ಹತ್ತಿದ್ದರೆ ನಾನಿಲ್ಲಿ ಕೂತು ಬರೆಯುತ್ತಿರಲಿಲ್ಲ.

ಬೆಳಿಗ್ಗೆ ಸಂಜೆ ಜೀಪು ಕೊಡಿ ಎಂದು ದೀಪಾವಳಿಯಿಂದ ಕೇಳುತ್ತಿದ್ದೇವೆ. ತೋಟದ ಆಫೀಸಿನಲ್ಲಿ ಹಾಜರಿ ನೋಡಿಕೊಳ್ಳುವ ರೈಟರ್ ದೇವರಾಜ, "ಸಾಹುಕಾರ್ರಿಗೆ ಹೇಳ್ತೀನಿ" ಅನ್ನುತ್ತಾನೆ. ಹೇಳುತ್ತಾನೋ, ಅಲ್ಲೇ ನುಂಗುತ್ತಾನೋ.

ಇವತ್ತು ನಾನೇ ಒಂದು ವಾಟ್ಸಾಪ್ ಗ್ರೂಪ್ ಮಾಡಿದೆ. ಹೆಸರು ‘ಕೆಳದಾರಿ’. ನಮ್ಮ ಕಾಲೋನಿಯಿಂದ ಕೊಯ್ಲಿಗೆ ಹೋಗುವ ಹೆಂಗಸರು ಮಾತ್ರ. ಅಡ್ಮಿನ್ ನಾನು. ಅಡ್ಮಿನ್ ಅಂದರೆ ಎಲ್ಲರ ಫೋನಿನ ಕೀಲಿ ನನ್ನ ಹತ್ತಿರ ಇದ್ದ ಹಾಗೆ ಎಂದು ರಜನಿ ಹೇಳಿದಳು. ನಾಳೆ ಯಾರೂ ಚೀಲ ಕಟ್ಟುವುದಿಲ್ಲ. ಜೀಪಿನ ಮಾತು ಮುಗಿಯುವವರೆಗೆ ಕಣದಲ್ಲಿ ಕೂರುವುದು. ‘ಚಾಪೆ ತರ್ಲಾ’ ಎಂದು ಯಾರೋ ಬರೆದಿದ್ದರು. ಎಲ್ಲರೂ ನಗುವ ಮುಖ ಹಾಕಿದರು.

ಜನವರಿ 6, ಸೋಮವಾರ

ನಾವು ಕಣ ಮುಟ್ಟುವಷ್ಟರಲ್ಲಿ ಅಸ್ಸಾಮಿನ ಆಳುಗಳ ಪಿಕಪ್ ಬಂದು ನಿಂತಿತ್ತು. ಅವರ ಸೊಂಟಕ್ಕೆ ಚೀಲ ಕಟ್ಟಿಯೂ ಆಗಿತ್ತು. ದೇವರಾಜ ಆಫೀಸಿನ ಮೆಟ್ಟಿಲ ಮೇಲೆ ನಿಂತು ನನ್ನನ್ನೇ ನೋಡಿ ಕೇಳಿದ.

"ಏನ್ ಅರುಣಕ್ಕ, ಕೂತ್ಕಳಕ್ಕೆ ಚಾಪೆ ತಂದಿಲ್ವಾ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಯಾರ ಮುಖವನ್ನೂ ಯಾರೂ ನೋಡಲಿಲ್ಲ. ಚೀಲ ಕಟ್ಟಿಕೊಂಡು ಸಾಲಿಗೆ ಹೋದೆವು.

ನಮ್ಮೊಳಗೇ ಯಾರೋ ಇದ್ದಾರೆ.

ಜನವರಿ 8, ಬುಧವಾರ

ಇದನ್ನು ಪೇಪರಿನ ಮೇಲೆ ಬರೆಯುವುದೇ ವಾಸಿ. ಪೇಪರನ್ನು ಯಾರೂ ಹ್ಯಾಕ್ ಮಾಡಲಾರರು.

ನನ್ನ ಫೋನಿಗೆ ಏನೋ ಆಗಿದೆ. ಹೊಸ ಮೆಸೇಜು ಬಂದರೆ ಹೆಸರಿನ ಪಕ್ಕ ಹಸಿರು ಬೊಟ್ಟು ಇರಬೇಕು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ನೋಡುತ್ತೇನೆ, ರಜನಿಯ ಮೆಸೇಜು ಬಂದಿದೆ, ಬೊಟ್ಟು ಇಲ್ಲ. ನಾನು ತೆರೆದೇ ಇಲ್ಲ, ಆಗಲೇ ಓದಿ ಆಗಿದೆ! ಸಂಜೆಯೂ ಹಾಗೇ.

ನನ್ನ ಫೋನ್ ಬೇರೆಯವರ ಕೈಗೆ ಕೊಡುವವಳು ನಾನಲ್ಲ. ಹೋದ ತಿಂಗಳು ಅತ್ತೆಯ ಆಧಾರ್ ಪ್ರಿಂಟ್ ಹಾಕಿಸಲು ದೇವರಾಜನ ಹತ್ತಿರ ವೈಫೈ ಮಾಡಿಸಿಕೊಂಡದ್ದು ಬಿಟ್ಟರೆ ಯಾರೂ ಮುಟ್ಟಿಲ್ಲ. ಬಂದ ಲಿಂಕ್‌ಗಳನ್ನಂತೂ ನಾನು ಒತ್ತುವುದೇ ಇಲ್ಲ. ಒತ್ತಿದರೆ ವೈರಸ್ ಬರುತ್ತದೆ, ಚಾರ್ಜಿಗೆ ಪಕ್ಕದಲ್ಲಿಟ್ಟ ಫೋನಿಗೂ ಅಂಟುತ್ತದೆ.

ಹಾಗಾದರೆ ಮನೆಯೊಳಗಿನವರೇ. ನಮ್ಮವರಿಗೆ ಫೋನ್ ಎಂದರೆ ಹಸಿರು ಗುಂಡಿ, ಕೆಂಪು ಗುಂಡಿ. ಅತ್ತೆ ಹುಚ್ಚಮ್ಮನವರಿಗೆ ಅದೂ ಇಲ್ಲ. ಉಳಿದದ್ದು ಗೋಡೆಯಾಚೆಯ ಮನೆ. ಅಲ್ಲಿ ನನ್ನ ಮೈದುನ ಸುರೇಂದ್ರ, ಮತ್ತೆ ಕಳೆದ ಮೇ ತಿಂಗಳಲ್ಲಿ ಆಲ್ದೂರಿನಿಂದ ಮದುವೆಯಾಗಿ ಬಂದ ಅವನ ಹೆಂಡತಿ ಪವಿತ್ರಾ. ಕಂಪ್ಯೂಟರ್ ಕೋರ್ಸ್ ಮಾಡಿದವಳು. ನಮ್ಮ ಜೊತೆಗೇ ಕೊಯ್ಲಿಗೆ ಬರುತ್ತಾಳೆ, ಗ್ರೂಪಿನಲ್ಲೂ ಇದ್ದಾಳೆ. ಕಿವಿಯಲ್ಲಿ ಯಾವಾಗಲೂ ವಯರು. ಏನು ಕೇಳಿಸಿಕೊಳ್ಳುತ್ತಾಳೆ ಅಷ್ಟೊಂದು?

ಜನವರಿ 11, ಶನಿವಾರ

ಅತ್ತೆಯನ್ನು ಕರೆದುಕೊಂಡು ರೇಷನ್ನಿಗೆ ಹೋಗಿ ಬರಿಗೈಯಲ್ಲಿ ಬಂದೆ. ಸರ್ವರ್ ಇಲ್ಲವಂತೆ.

"ಆ ಸರ್ವರಿಗೆ ಯಾವಾಗ್ಲೂ ಹುಷಾರಿರಲ್ವಾ?" ಎಂದು ಅತ್ತೆ ಡಿಪೋದವನನ್ನು ಜೋರಾಗಿ ಕೇಳಿದರು. "ಬೇರೆ ಯಾರನ್ನಾದ್ರೂ ಇಟ್ಕಳಿ ಮಾರಾಯ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ದಾರಿಯಲ್ಲಿ ಬರುವಾಗ ಸುರೇಂದ್ರನ ಹೆಂಡತಿ ತೋಟದ ಆಫೀಸಿನ ಕಿಟಕಿಯ ಹತ್ತಿರ ನಿಂತು ದೇವರಾಜನ ಜೊತೆ ಮಾತಾಡುತ್ತಿದ್ದದ್ದು ಕಂಡಿತು. ನಗುತ್ತಲೂ ಇದ್ದಳು.

ಆಫೀಸಿಗೂ ಕೊಯ್ಲಿನವಳಿಗೂ ಏನು ಮಾತು?

ಜನವರಿ 12, ಭಾನುವಾರ

ಫೋನಿನ ಲಾಕ್ ಬದಲಾಯಿಸಿದೆ. ಮೊದಲು ಎಲ್ ಆಕಾರ ಇತ್ತು, ಈಗ ಬೇರೆ. ಎಂಥದ್ದು ಎಂದು ಇಲ್ಲಿಯೂ ಬರೆಯುವುದಿಲ್ಲ.

ಲಾಕ್ ಬದಲಾದರೂ ಬೊಟ್ಟು ಮಾಯವಾಗುವುದು ನಿಂತಿಲ್ಲ. ಗೋಡೆಯಾಚೆಯಿಂದಲೇ ಬ್ಲೂಟೂತ್ ಹಾಕಿ ಎಳೆದುಕೊಳ್ಳುತ್ತಾಳೋ ಏನೋ. ನಮ್ಮ ಗೋಡೆ ತೆಳು. ಸುರೇಂದ್ರ ಸೀನಿದರೆ ನಮಗೆ ಕೇಳುತ್ತದೆ.

ನಾನು ಫೋನನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಗ ಅವಳೇ ಬಂದಳು.

"ಏನಾಯ್ತಕ್ಕ ಫೋನಿಗೆ?"

"ಎಂಥ ಇಲ್ಲ. ಯಾರೋ ನಮ್ಮ ಮೆಸೇಜು ಓದ್ತಿದಾರೆ."

ಅವಳು ಸ್ವಲ್ಪ ಯೋಚಿಸಿದಳು. "ಅಕ್ಕ, ವಾಟ್ಸಾಪ್ ಎಲ್ಲಾದ್ರೂ ಲಿಂಕ್ ಮಾಡಿದೀರಾ?"

"ನಾನು ಲಿಂಕ್ ಒತ್ತೋಳಲ್ಲ," ಎಂದೆ.

"ಹಾಗಲ್ಲ, ಎಲ್ಲಾದ್ರೂ ಸ್ಕ್ಯಾನ್ ಏನಾದ್ರೂ..."

"ಸ್ಕ್ಯಾನಿಂಗ್ ಯಾಕೆ ಮಾಡಿಸ್ಲಿ? ನಂಗೇನಾಗಿದೆ?"

"ಕೊಡಿ ಇಲ್ಲಿ, ನೋಡ್ತೀನಿ" ಎಂದು ಕೈ ಚಾಚಿದಳು. ನಾನು ಫೋನನ್ನು ಸೆರಗಿನೊಳಗೆ ಇಟ್ಟುಕೊಂಡೆ. ಎಷ್ಟು ಧೈರ್ಯ. ನಾನು ಎಷ್ಟರ ಮಟ್ಟಿಗೆ ತಿಳಿದುಕೊಂಡಿದ್ದೇನೆ ಎಂದು ಅಳೆಯಲು ಬಂದದ್ದು ಅದು.

ಜನವರಿ 15, ಬುಧವಾರ

ಸಂಕ್ರಾಂತಿ ಮುಗಿಯಿತು. ಹಬ್ಬದ ಹಿಂದಿನ ದಿನ ನಾನು ಸಂಸೆಯಲ್ಲಿರುವ ನನ್ನ ತಂಗಿಗೆ ಒಂದು ಮೆಸೇಜು ಹಾಕಿದ್ದೆ. ಗ್ರೂಪಿಗಲ್ಲ, ಅವಳೊಬ್ಬಳಿಗೇ. ಮೂಡಿಗೆರೆಗೆ ಹೋಗಿ ಲೇಬರ್ ಆಫೀಸಿನವರನ್ನು ಕಾಣುವ ಯೋಚನೆ ಇದೆ, ನಮ್ಮವರಿಗೂ ಹೇಳಿಲ್ಲ ಎಂದು. ಕಳಿಸಿದ ಮೇಲೆ ಹೆದರಿಕೆಯಾಗಿ ಡಿಲೀಟ್ ಕೂಡ ಮಾಡಿದ್ದೆ. ನನ್ನ ಫೋನಿನಲ್ಲಿ ಹೋಯಿತು ಎಂದರೆ ಎಲ್ಲ ಕಡೆಯೂ ಹೋಯಿತು.

ಇವತ್ತು ಸಾಹುಕಾರ ರಾಜೀವ್ ಅವರು ತೂಕದ ಹತ್ತಿರ ಬಂದರು. ಎಂದೂ ನನ್ನ ಹೆಸರು ಹಿಡಿದು ಮಾತಾಡಿಸಿದವರಲ್ಲ.

"ಅರುಣಾ, ಏನಾದ್ರೂ ತೊಂದ್ರೆ ಇದ್ರೆ ನಂಗೆ ಹೇಳಿ. ಮೂಡಿಗೆರೆಗೆ ಯಾಕೆ ಹೋಗ್ಬೇಕು?"

ನಾನು ಚೀಲವನ್ನು ತೂಕಕ್ಕೆ ಇಟ್ಟು ಹಿಂದೆ ಸರಿದೆ.

ಈಗ ಗೊತ್ತಾಯಿತು, ಇದು ಗ್ರೂಪಿನವರು ಯಾರೂ ಅಲ್ಲ. ರಜನಿಯೂ ಅಲ್ಲ, ಮೇಘಶ್ರೀಯೂ ಅಲ್ಲ. ತಂಗಿಗೆ ಕಳಿಸಿದ್ದು ಅವರಿಗೆ ಹೇಗೆ ಸಿಗಬೇಕು? ನನ್ನ ಫೋನಿನೊಳಗೆ ಕೈ ಹಾಕಬಲ್ಲವಳು ಒಬ್ಬಳೇ.

ಜನವರಿ 16, ಗುರುವಾರ

ಕೇಳಿಯೇಬಿಟ್ಟೆ. ಬೆಳಿಗ್ಗೆ ನಲ್ಲಿಯ ಹತ್ತಿರ, ಎಲ್ಲರೂ ಕೊಡ ಇಟ್ಟುಕೊಂಡು ನಿಂತಿದ್ದಾಗ.

"ನೀನು ನನ್ನ ಫೋನ್ ಹ್ಯಾಕ್ ಮಾಡಿದೀಯ. ಆಫೀಸಿಗೆ ಸುದ್ದಿ ಕೊಡ್ತಿರೋಳು ನೀನೇ."

ಅವಳು ನೀರು ಹಿಡಿಯುತ್ತಿದ್ದವಳು ಹಾಗೇ ನಿಂತಳು. "ಹ್ಯಾಕ್ ಅಂದ್ರೆ ಏನು ಅಂತ ಗೊತ್ತಾ ಅಕ್ಕ ನಿಮಗೆ?"

"ನಂಗೆ ಗೊತ್ತಿಲ್ಲ. ನಿಂಗೆ ಗೊತ್ತಲ್ಲ, ಅದಕ್ಕೇ ಹೇಳ್ತಿರೋದು."

"ಶನಿವಾರ ಕಿಟಕೀಲಿ ಎಂತ ಮಾತು ದೇವರಾಜನ ಹತ್ರ?" ಎಂದು ರಜನಿಯೂ ಸೇರಿಸಿದಳು.

"ಕೆಲ್ಸ ಕೇಳಿದ್ದು. ಆಫೀಸಲ್ಲಿ ಕಂಪ್ಯೂಟರ್ ಕೆಲ್ಸ ಇದ್ರೆ ಹೇಳಿ ಅಂತ."

"ಸಿಕ್ತಲ್ಲ ಕೆಲ್ಸ," ಎಂದಳು ರಜನಿ. ಯಾರೋ ನಕ್ಕರು. ಪವಿತ್ರಾ ಅರ್ಧ ತುಂಬಿದ ಕೊಡ ಎತ್ತಿಕೊಂಡು ಹೋದಳು. ಅಳಲಿಲ್ಲ. ತಪ್ಪಿಲ್ಲದವಳಾಗಿದ್ದರೆ ಅಳಬೇಕಿತ್ತು.

ಅವಳನ್ನು ಗ್ರೂಪಿನಿಂದ ತೆಗೆದೆ.

ಜನವರಿ 18, ಶನಿವಾರ

ತೋಟಕ್ಕೆ ಹೋಗುವಾಗ ಬರುವಾಗ ಅವಳ ಜೊತೆ ಯಾರೂ ಮಾತಾಡುವುದಿಲ್ಲ. ಅವಳೇ ಹಿಂದೆ ಉಳಿದು, ನಾವು ಹೊರಟ ಮೇಲೆ ಬರುತ್ತಾಳೆ. ಸುರೇಂದ್ರ ಕಳಸದ ಕಡೆ ಟೂರಿಸ್ಟ್ ಜೀಪು ಓಡಿಸಲು ಹೋಗಿದ್ದಾನೆ. ಅವನು ಬಂದ ಮೇಲೆ ಏನು ಹೇಳುತ್ತಾನೋ. ನಮ್ಮವರು ಊಟಕ್ಕೆ ಕೂತವರು, "ನೀನು ಕಣ್ಣಾರೆ ನೋಡಿದ್ಯಾ?" ಎಂದಷ್ಟೇ ಕೇಳಿದರು. ನಾನು ಸಾರು ಬಡಿಸಿದೆ.

ಅತ್ತೆ ಮಾತ್ರ ಸಂಜೆ ಗೋಡೆಯಾಚೆ ಹೋಗಿ ಅವಳ ಜೊತೆ ಕೂರುತ್ತಾರೆ. ಕೂರಲಿ.

ಬೊಟ್ಟು ಇವತ್ತೂ ಇರಲಿಲ್ಲ. ಅವಳನ್ನು ತೆಗೆದ ಮೇಲೂ.

ಜನವರಿ 21, ಮಂಗಳವಾರ



ನಾವು ಮನೆ ಸೇರಿ ಒಲೆ ಹಚ್ಚುವಾಗ, ಆನೆಗಳು ತೋಟದ ಕೆರೆಗೆ ಇಳಿದಿವೆ ಎಂದು ಕಾಲೋನಿಯಲ್ಲಿ ಕೂಗು ಎದ್ದಿತು. ಗೋಡೆಯಾಚೆ ನೋಡಿದರೆ ಬಾಗಿಲಿಗೆ ಬೀಗ. ಪವಿತ್ರಾ ಬಂದಿಲ್ಲ. ಫೋನ್ ಮಾಡಿದರೆ ಸ್ವಿಚ್ಡ್ ಆಫ್.

ಅತ್ತೆ ಅಂಗಳದಲ್ಲಿ ನಿಂತು ನನ್ನನ್ನು ನೋಡಿದರು. "ಹಿಂದೆ ಬಿಟ್ಟು ಬಂದ್ಯಲ್ಲೇ, ಮಗೂನ."

ನಮ್ಮವರು ಟಾರ್ಚ್ ಹಿಡಿದು ಹೊರಟರು. ನಾನು ಗ್ರೂಪಿಗೆ ಮೆಸೇಜು ಹಾಕಿದೆ: ‘ನಮ್ಮ ಪವಿತ್ರಾ ಇನ್ನು ಬಂದಿಲ್ಲ ಯಾರಾದ್ರು ನೋಡಿದ್ರಾ ಬೇಗ ಹೇಳಿ.’ ಯಾರೂ ನೋಡಿರಲಿಲ್ಲ. ದೇವರ ಮುಂದೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

ಕಾವಲುಗಾರ ಗಿಡ್ಡಪ್ಪ ಪಟಾಕಿ ಹೊಡೆಯುತ್ತ ಮೇಲಿನ ರಸ್ತೆಯಲ್ಲಿ ಅವಳನ್ನು ಕರೆತಂದ. ಕೆರೆಯ ಹತ್ತಿರ ಆನೆ ಕಂಡಾಗ ಅವನೇ ಅವಳನ್ನು ಎಳೆದೊಯ್ದು ಆಫೀಸಿನೊಳಗೆ ಬಿಟ್ಟಿದ್ದನಂತೆ. ದೇವರಾಜನೂ ಬಾಗಿಲು ಹಾಕಿಕೊಂಡು ಒಳಗೇ ಇದ್ದನಂತೆ. ಅತ್ತೆ ಅವಳ ತಲೆ, ಕೈ, ಬೆನ್ನು ಎಲ್ಲ ಸವರಿ ನೋಡಿದರು. ನಾನು ಕಾಫಿ ಕೊಟ್ಟೆ.

ಲೋಟ ಹಿಡಿದುಕೊಂಡು ಅವಳು ಹೇಳಿದಳು: "ಅಕ್ಕ, ನನ್ನ ಬಗ್ಗೆ ಗ್ರೂಪಲ್ಲಿ ಕೇಳಿದ್ರಲ್ಲ. ನಮ್ಮ ಪವಿತ್ರಾ ಅಂತ."

ಅವಳು ಗ್ರೂಪಿನಲ್ಲಿ ಇಲ್ಲ. ಅವಳ ಫೋನ್ ಸತ್ತಿದೆ. ಹೇಗೆ ಗೊತ್ತು?

ಸಿಕ್ಕಿಬಿದ್ದಳು. ಬದುಕಿ ಬಂದವಳ ಮೇಲೆ ಕೂಗಾಡಬಾರದೆಂದು ಸುಮ್ಮನಿದ್ದೇನೆ. ನಾಳೆ ಬಿಡುವುದಿಲ್ಲ.

ಜನವರಿ 22, ಬುಧವಾರ

ನಾನು ಬಾಯಿ ತೆರೆಯುವ ಮೊದಲೇ ಅವಳು ಬಂದು ಎದುರಿಗೆ ಕೂತಳು.

"ಅಕ್ಕ, ಫೋನ್ ನಿಮ್ಮ ಕೈಯಲ್ಲೇ ಇರ್ಲಿ. ನಾನು ಮುಟ್ಟಲ್ಲ. ಹೇಳಿದ್ದನ್ನ ಒತ್ತಿ."

ವಾಟ್ಸಾಪಿನ ಮೇಲಿನ ಮೂರು ಚುಕ್ಕಿ ಒತ್ತಿಸಿದಳು. ಅಲ್ಲಿಂದ ಲಿಂಕ್ಡ್ ಡಿವೈಸಸ್ ಎಂಬುದನ್ನು. ಒಂದು ಕಂಪ್ಯೂಟರಿನ ಚಿತ್ರ ಬಂತು. ಕೆಳಗೆ, ಈಗಲೂ ಚಾಲೂ ಇದೆ ಎಂದು.

"ಇದು ಯಾರ ಕಂಪ್ಯೂಟರ್ ಅಕ್ಕ?"

"ನಂಗೆ ಕಂಪ್ಯೂಟರ್ ಎಲ್ಲಿಂದ ಬರ್ಬೇಕು?"

"ನಿನ್ನೆ ಆಫೀಸಲ್ಲಿ ನೋಡ್ದೆ. ನಾನು ಮೂಲೇಲಿ ನಿಂತಿದೀನಿ, ಕಂಪ್ಯೂಟರಲ್ಲಿ ಟಿಂಗ್ ಅಂತು. ‘ಕೆಳದಾರಿ’ ಗ್ರೂಪು. ನಿಮ್ಮ ಮೆಸೇಜು, ನೀವೇ ಅಲ್ಲಿ ಕೂತು ಬರೆದ ಹಾಗೆ ಬಲಗಡೆ ಹಸಿರಲ್ಲಿ ಬಂತು. ದೇವರಾಜಣ್ಣ ನನ್ನ ನೋಡಿ, ಕಂಪ್ಯೂಟರ್ ಆಫ್ ಮಾಡ್ತೀನಿ ಅಂತ ಗುಂಡಿ ಒತ್ತಿದ್ರು. ಆಫ್ ಆಗಿದ್ದು ಪರದೆ ಮಾತ್ರ. ಕೆಳಗಿನ ಡಬ್ಬ ಗುಯ್ ಅಂತಾನೇ ಇತ್ತು."

ನಾನು ಆ ಚಿತ್ರವನ್ನೇ ನೋಡಿದೆ.

"ಅವರ ಹತ್ರ ಏನಾದ್ರೂ ಮಾಡಿಸ್ಕೊಂಡಿದ್ರಾ?"

"ವೈಫೈ," ಎಂದೆ. "ಅತ್ತೆ ಆಧಾರ್ ಪ್ರಿಂಟಿಗೆ. ಒಂದ್ ವೈಫೈ ಮಾಡ್ಕಳ್ಬೇಕು, ಫೋನ್ ಕೊಡಿ ಅಂದ. ಕಂಪ್ಯೂಟರಲ್ಲಿ ಕಪ್ಪು ಬಿಳಿ ಚೌಕ ಬಂತು, ಅದರ ಮುಂದೆ ಫೋನ್ ಹಿಡಿದ."

"ಅದು ವೈಫೈ ಅಲ್ಲ ಅಕ್ಕ. ಅದೇ ಲಿಂಕು."

ಒಲೆಯ ಮೇಲೆ ಹಾಲು ಉಕ್ಕಿದ್ದು ಇಬ್ಬರಿಗೂ ಕಾಣಲಿಲ್ಲ. ಅತ್ತೆ ಬಂದು ಇಳಿಸಿದರು.

ನನ್ನ ತಂಗಿಯ ಮೆಸೇಜು, ಹೊಟ್ಟೆನೋವಿಗೆ ಡಾಕ್ಟರ್ ಬರೆದ ಚೀಟಿಯ ಫೋಟೋ, ನಾನು ಪವಿತ್ರಾಳ ಬಗ್ಗೆ ರಜನಿಗೆ ಬರೆದದ್ದು, ಎಲ್ಲವನ್ನೂ ಆ ಮನುಷ್ಯ ಕಾಫಿ ಕುಡಿಯುತ್ತ ಓದಿದ್ದಾನೆ. ನಾನು ಅಳಿಸುವ ಮೊದಲೇ ಅದು ಅಲ್ಲಿಗೆ ಹೋಗಿ ಬಿದ್ದಿತ್ತಂತೆ.

"ಲಾಗೌಟ್ ಅಂತ ಇದೆ ನೋಡಿ. ಒತ್ತಿದ್ರೆ ಮುಗೀತು."

ಒತ್ತಲು ಹೋದವಳು ನಿಂತೆ. "ತಡಿ," ಎಂದೆ. "ನಾವು ಬರೆದಿದ್ದೆಲ್ಲ ಅವನು ನಂಬ್ತಾನೆ ಅಲ್ವಾ?"

ಜನವರಿ 26, ಭಾನುವಾರ

ನಲ್ಲಿಯ ಹತ್ತಿರ ಎಲ್ಲರಿಗೂ ಬಾಯಲ್ಲೇ ಹೇಳಿದೆ. ಫೋನ್ ಕೇಳಿಸಿಕೊಳ್ಳುತ್ತದೆ ಎಂದು ರಜನಿ ಎಲ್ಲರ ಫೋನನ್ನೂ ಟವೆಲಿನಲ್ಲಿ ಸುತ್ತಿ ದೂರದ ಕಟ್ಟೆಯ ಮೇಲೆ ಇಟ್ಟಳು. ಕಳ್ಳ ಇರುವುದು ಆಫೀಸಿನ ಕಂಪ್ಯೂಟರಿನಲ್ಲಿ ಎಂದೆ. ಪವಿತ್ರಾ ಅಲ್ಲಿರಲಿಲ್ಲ. "ಅವಳಲ್ಲ ಅದು," ಎಂದೂ ಹೇಳಿದೆ. ನೀರಿನ ಸದ್ದಿನಲ್ಲಿ ಎಷ್ಟು ಜನಕ್ಕೆ ಕೇಳಿತೋ.

ಮಧ್ಯಾಹ್ನ ಪವಿತ್ರಾಳೂ ನಾನೂ ದೇವರಾಜನಿಗೆ ಓದಿಸುವ ಸುಳ್ಳು ಮೆಸೇಜು ಬರೆಯಲು ಕೂತೆವು. ನಾನು ಯೋಚಿಸಿ ಯೋಚಿಸಿ ಬರೆದೆ. ಅವಳು ನೋಡಿ, "ಇಷ್ಟು ಚೆಂದ ಬರೀಬೇಡಿ ಅಕ್ಕ, ಅನುಮಾನ ಬರುತ್ತೆ. ಯಾವಾಗ್ಲೂ ಬರೆಯೋ ಹಾಗೆ ಬರೀರಿ," ಎಂದಳು. ಕಡೆಗೆ ಹೀಗೆ ಹೋಯಿತು:

‘ಬುದವಾರದಿಂದ ಕೊಟ್ಟಿಗೆಹಾರದ ಕಡೆ ತೋಟಕ್ಕೆ ಹೋಗದು ಮಾತಾಡಿದಿನಿ ಅವರು ಮನೆ ಬಾಗ್ಲಿಗೆ ಜೀಪು ಕಳಿಸ್ತಾರೆ ಇಲ್ಲಿ ಯಾರು ಬಾಯಿ ಬಿಡಬೇಡಿ.’

ರಜನಿ ಕೂಡಲೇ ‘ಸರಿ ಅಕ್ಕ’ ಎಂದು ಹಾಕಿದಳು. ಮೇಘಶ್ರೀ ಸಿಮೆಂಟಿನ ಕೈಯಲ್ಲೇ ‘ನಾನು ಬರ್ತಿನಿ’ ಎಂದಳು. ನಗು ತಡೆಯಲಾಗಲಿಲ್ಲ. ಪವಿತ್ರಾಳೂ ನಕ್ಕಳು, ಆಮೇಲೆ ಏನೋ ನೆನಪಾದವಳ ಹಾಗೆ ಎದ್ದು ಹೋದಳು.

ರೊಬಸ್ಟಾ ಕಾಫಿ ಹಣ್ಣಾಗಿ ಗಿಡ ಬಾಗಿದೆ. ಅಸ್ಸಾಮಿನವರು ವಾರದ ಹಿಂದೆಯೇ ಬಾಳೆಹೊನ್ನೂರಿನ ಕಡೆ ಹೋದರು. ಇನ್ನು ಸಾಹುಕಾರರು ಏನು ಮಾಡುತ್ತಾರೋ ನೋಡುವುದು.

ಜನವರಿ 28, ಮಂಗಳವಾರ

ಬಂತು! ಬುಧವಾರಕ್ಕೂ ಕಾಯಲಿಲ್ಲ. ಬೆಳಿಗ್ಗೆ ಕಾಲೋನಿಯ ಮುಂದೆ ತೋಟದ ಜೀಪು. ಮುಂದಿನ ಸೀಟಿನಿಂದ ದೇವರಾಜ ಇಳಿದ.

"ಸಾಹುಕಾರ್ರು ಕಳ್ಸಿದಾರೆ. ಹೆಂಗಸರು ಪಾಪ ನಡ್ಕಂಡ್ ಬರ್ತಾರೆ ಅಂತ."

"ಇವತ್ತೇ ಪಾಪ ಅನ್ನಿಸ್ತಾ?" ಎಂದಳು ರಜನಿ.

ನಾನು ಫೋನ್ ತೆಗೆದು ಅವನ ಮುಂದೆ ಹಿಡಿದೆ. "ದೇವರಾಜಣ್ಣ, ಅವತ್ತು ಮಾಡಿದ್ರಲ್ಲ ವೈಫೈ. ತೆಗೀಲಾ, ಇನ್ನೂ ಓದೋದಿದೆಯಾ?"

ಅವನು ಜೀಪಿನ ಚಕ್ರ ನೋಡಿದ. ಡ್ರೈವರ್ ಬೇರೆ ಕಡೆ ನೋಡಿದ. "ಸಾಹುಕಾರ್ರು ಕೇಳಿದ್ರು ಅಂತ..." ಎಂದು ಏನೋ ಶುರು ಮಾಡಿ ನುಂಗಿಕೊಂಡ. ಅವನ ಎದುರೇ ಲಾಗೌಟ್ ಒತ್ತಿದೆ.

ಕಣದಲ್ಲಿ ಚೀಲ ಕಟ್ಟುವ ಮೊದಲು ಸಾಹುಕಾರರನ್ನೇ ಕೇಳಿದೆ. ಕೊಯ್ಲು ಮುಗಿಯುವವರೆಗೆ ಜೀಪು ತಪ್ಪುವುದಿಲ್ಲ ಎಂದು ಎಲ್ಲರೆದುರು ಹೇಳಿಸಿದ ಮೇಲೆಯೇ ಸಾಲಿಗೆ ಇಳಿದೆವು. ಅವರು ನನ್ನ ಫೋನಿನ ಮಾತು ಎತ್ತಲಿಲ್ಲ. ನಾನು ಎತ್ತಿದೆ. "ದೇವರಾಜಂಗೆ ಹೇಳ್ತೀನಿ," ಎಂದರು, ನೆಲ ನೋಡಿಕೊಂಡು. ಯಾರು ಯಾರಿಗೆ ಹೇಳಿಕೊಟ್ಟದ್ದೋ, ನನಗೆ ಅವರ ಮೇಲೂ ಅನುಮಾನವೇ.

ಎಲ್ಲರೂ ಜೀಪಿನಲ್ಲಿ ಹಾಡು ಹೇಳಿಕೊಂಡು ಬಂದರು. ಪವಿತ್ರಾ ಇವತ್ತು ಕೆಲಸಕ್ಕೆ ಬಂದಿರಲಿಲ್ಲ. ತಲೆನೋವಿರಬೇಕು.

ಜನವರಿ 30, ಗುರುವಾರ

ಇವತ್ತೂ ಬರಲಿಲ್ಲ.

ಗ್ರೂಪಿಗೆ ಮತ್ತೆ ಸೇರಿಸಿದೆ. ಸ್ವಲ್ಪ ಹೊತ್ತಿಗೆ ‘ಪವಿತ್ರಾ ಲೆಫ್ಟ್’ ಎಂದು ಬಂತು. ನೆಟ್ವರ್ಕ್ ಇಲ್ಲದ್ದಕ್ಕೆ ಹಾಗಾಗಿರಬೇಕೆಂದು ಇನ್ನೊಮ್ಮೆ ಸೇರಿಸಿದೆ. ಮತ್ತೆ ಹಾಗೇ. ಮೂರನೆಯ ಸಲ ಸೇರಿಸಲು ಬಿಡಲೇ ಇಲ್ಲ ಫೋನು.

ಅತ್ತೆ ಅಕ್ಕಿ ಆರಿಸುತ್ತ ನೋಡುತ್ತಿದ್ದರು. "ಎಂತ ಕುಟ್ತಾ ಇದೀಯ ಅಷ್ಟು ಹೊತ್ತಿಂದ?"

"ಪವಿತ್ರಾನ ಕರೀತಿದೀನಿ. ಸರ್ವರ್ ಸರಿ ಇಲ್ಲ."

"ಅವ್ಳು ಗೋಡೆ ಆಚೆ ಇದಾಳೆ," ಎಂದರು ಅತ್ತೆ. "ನಲ್ಲಿ ಹತ್ರ ನಿಂತು ಬೈದೋಳು ಮೂಲೇಲಿ ಕೂತು ಕರೆದ್ರೆ ಬರ್ತಾಳಾ?"

ಸುರೇಂದ್ರ ಬಂದಿದ್ದಾನೆ. ಆಲ್ದೂರಿನಲ್ಲಿ ಮನೆ ನೋಡುತ್ತಿದ್ದಾರಂತೆ. ನಮ್ಮವರು ಹೇಳಿದರು.

ಜನವರಿ 31, ಶುಕ್ರವಾರ

ಬೆಳಿಗ್ಗೆ ನಲ್ಲಿಗೆ ಹೋದೆ. ಎಲ್ಲರೂ ಇದ್ದರು. ಪವಿತ್ರಾ ಕೊಡ ಇಟ್ಟು ನಲ್ಲಿ ತಿರುಗಿಸಿದಳು. ನಾನು ಅವಳ ಹಿಂದೆ ನಿಂತು ಹೇಳಿದೆ.

"ಪವಿತ್ರಾ, ಅವತ್ತು ಇಲ್ಲಿ ಹೇಳಿದ್ದು ಸುಳ್ಳು. ತಪ್ಪು ನಂದು."

ಅವಳು ತಿರುಗಲಿಲ್ಲ. ಕೊಡದೊಳಗೆ ನೀರು ಬೀಳುವುದನ್ನು ನೋಡುತ್ತಲೇ ಹೇಳಿದಳು: "ಇನ್ನೊಂದ್ಸಲ ಹೇಳಿ ಅಕ್ಕ. ರಜನಿಯಕ್ಕಂಗೆ ಕೇಳಿಸ್ಲಿಲ್ಲ."

ರಜನಿಗೆ ಚೆನ್ನಾಗಿಯೇ ಕೇಳಿಸಿತ್ತು. ಅವಳ ಮುಖ ಕೆಂಪಾಗಿತ್ತು.

ಮತ್ತೆ ಹೇಳಿದೆ. ಮೇಲಿನ ಮನೆಗಳವರೂ ಬಾಗಿಲಿಗೆ ಬರುವಷ್ಟು ಗಟ್ಟಿಯಾಗಿ ಹೇಳಿದೆ. ಅವಳನ್ನು ಆನೆಯ ದಾರಿಯಲ್ಲಿ ಒಬ್ಬಳೇ ಬಿಟ್ಟು ಬಂದದ್ದೂ ನಾನೇ ಎಂದೆ. ಅದನ್ನು ಹೇಳಿ ಎಂದು ಅವಳು ಕೇಳಿರಲಿಲ್ಲ. ಕೊಡ ತುಂಬಿ ಹೊರಗೆ ಹರಿಯುತ್ತಿತ್ತು, ಯಾರೂ ನಲ್ಲಿ ನಿಲ್ಲಿಸಲಿಲ್ಲ.

ಪವಿತ್ರಾ ಕೊಡ ಎತ್ತಿಕೊಂಡು ಮನೆಗೆ ಹೋದಳು.

ಜೀಪು ಹೊರಡುವ ಹೊತ್ತಿಗೆ ಬುತ್ತಿ ಹಿಡಿದುಕೊಂಡು ಬಂದಳು. ನಾನು ಪಕ್ಕದಲ್ಲಿ ಜಾಗ ಮಾಡಿದೆ. ಅವಳು ಅಲ್ಲಿ ಕೂರಲಿಲ್ಲ, ಎದುರಿಗೆ ಕೂತಳು. ರಸ್ತೆ ಕೆಳದಾರಿಯನ್ನು ದಾಟುವಲ್ಲಿ ಡ್ರೈವರ್ ನಿಧಾನ ಮಾಡಿದ. ಅವಳೂ ನಾನೂ ಒಟ್ಟಿಗೆ ಹಳ್ಳದ ಕಡೆ ನೋಡಿದೆವು.